ಮೂಲಂ ದಿನದ ಮೂಲೆಗಳು

ಕೈವಾರ ಹಿಡಿದ ಗಂಡಸೊಬ್ಬ ಕೈ ಹಾಕಿದರೆ ಅಂಗಳದ ಪೂಕಳಂ ಎಂಬ ಹೂವಿನ ಚಿತ್ತಾರಕ್ಕೂ ಒಂದು ಶಿಸ್ತು ಬಂದೀತು ಎಂಬ ಘನ ಆಲೋಚನೆ ಅಚ್ಯುತನ್‌ಗೆ ಹೊಳೆದದ್ದು ಓಣಂ ಹಬ್ಬದ ಹತ್ತನೆಯ ದಿನವಾದ ತಿರುವೋಣಕ್ಕೆ ಮೂರು ದಿನ ಬಾಕಿ ಇದ್ದಾಗ, ಮೂಲಾ ನಕ್ಷತ್ರದ ಮೂಲಂ ದಿನ. ಮೂವತ್ತು ವರ್ಷ ಭಿಲಾಯಿಯಲ್ಲಿ ನಕ್ಷೆ ಬರೆದು, ನಿವೃತ್ತನಾಗಿ ಕೇರಳದ ತನ್ನೂರು ಇರಿಂಜಾಲಕುಡಕ್ಕೆ ಮರಳಿದವನು. (ರಜೆ ಸಿಗುತ್ತಿದ್ದದ್ದು ತಿರುವೋಣದ ದಿನಕ್ಕೆ ಮಾತ್ರ. ಉಳಿದ ಒಂಬತ್ತು ದಿನಗಳ ವಿಚಾರದಲ್ಲಿ ಅವನದು ಶುದ್ಧ ಅಜ್ಞಾನ.)

ಹೆಂಡತಿ ವಿಲಾಸಿನಿಗೆ ಈ ಮೂಲಂ ದಿನವೇ ಮುಖ್ಯ; ಓಣಿಯ ಪೂಕಳಂ ಸ್ಪರ್ಧೆ ಅವತ್ತೇ. ಬಹುಮಾನದ ನೇಂದ್ರಬಾಳೆಯ ಗೊನೆ ಹನ್ನೊಂದು ವರ್ಷದಿಂದ ಎದುರುಮನೆ ರುಗ್ಮಿಣಿಯ ಪಾಲಾಗುತ್ತಿತ್ತು. ಒಂದು ಸಲವಾದರೂ ಅದು ತನ್ನ ಅಡುಗೆಮನೆಯಲ್ಲಿ ತೂಗಬೇಕೆಂದು ಅವಳ ಆಸೆ.

"ತುಂಬೆ ಹೂ ಕಿತ್ಕೊಂಡು ಬರ್ತೀನಿ. ಇವತ್ತು ಮೂಲಂ, ಮೂಲೆ ಮರೀಬೇಡಿ!" ಎಂದು ಬುಟ್ಟಿ ಹಿಡಿದು ಹೊರಟಳು.

ಅಚ್ಯುತನ್ ಮರೆಯಲಿಲ್ಲ. ಅಂಗಳದ ನಾಲ್ಕೂ ಮೂಲೆಗಳನ್ನು ಕನ್ನಡಿಯಂತೆ ಗುಡಿಸಿದ. ಆಮೇಲೆ ಗೂಟ ನೆಟ್ಟು, ದಾರ ಎಳೆದು, ಚೆಂಡುಹೂ, ಕೇಪಳ, ದಾಸವಾಳದ ಏಳು ಸುತ್ತು ತುಂಬಿದ. ಕೂದಲೆಳೆಯಷ್ಟೂ ಸೊಟ್ಟಗಿಲ್ಲದ ಬ್ರಹ್ಮಾಂಡ ವೃತ್ತ!

ವಿಲಾಸಿನಿ ಬಂದವಳೇ ಹಣೆ ಚಚ್ಚಿಕೊಂಡಳು. "ಅಯ್ಯೋ, ದುಂಡಗಿಟ್ಟಿದ್ದೀರಲ್ರೀ! ಮೂಲಂ ದಿನ ಪೂಕಳಂ ಚೌಕವಾಗಿರ್ಬೇಕು! ಮೂಲೆ ಎಲ್ಲಿ?"

"ಗುಡಿಸಿದೀನಲ್ಲ, ನೋಡು!"

"ನಿಮ್ಮ ತಲೆಯೊಳಗೂ ಯಾರೋ ಹಾಗೇ ಗುಡಿಸಿಬಿಟ್ಟಿದಾರೆ!"

ಅವಳ ಕಣ್ಣಲ್ಲಿ ನೀರು ಕಂಡು ಅಚ್ಯುತನ್‌ಗೆ ನಿಜಕ್ಕೂ ಸಂಕಟವಾಯಿತು. ತೀರ್ಪುಗಾರ್ತಿ ಕಾರ್ತ್ಯಾಯಿನಿಯಮ್ಮ ಓಣಿಯ ಉಳಿದ ಮನೆಗಳನ್ನೆಲ್ಲ ಮುಗಿಸಿ ಆಗಲೇ ಪಕ್ಕದ ಮನೆ ಅಂಗಳದಲ್ಲಿದ್ದರು. ವಿಲಾಸಿನಿ ಮೂಗೊರೆಸಿಕೊಂಡು ಸೆರಗು ಬಿಗಿದಳು. "ದಾರ ಹಿಡೀರಿ. ಅಲ್ಲಾಡಿದ್ರೆ ನೋಡಿ!" ನಕ್ಷೆಗಾರ ಗೂಟವಾದ. ವೃತ್ತದ ಹೊರಗೆ ನಾಲ್ಕು ಕಡೆ ಬೆಳ್ಳನೆಯ ತುಂಬೆ ಹೂ ತುಂಬಿ, ಅವಳು ದುಂಡನೆಯದನ್ನು ಚೌಕ ಮಾಡಿಯೇಬಿಟ್ಟಳು.

ಕಾರ್ತ್ಯಾಯಿನಿಯಮ್ಮ ಕೋಲೂರಿಕೊಂಡು ಬಂದು ಬಗ್ಗಿ ನೋಡಿದರು. "ಮೂಲೆ ನಾಲ್ಕೂ ಏನು ಚೆಂದ ವಿಲಾಸಿನಿ! ಗೊನೆ ನಿಂದೇ. ನಡುವಿನ ರೌಂಡು ಮಾತ್ರ... ಮೊಮ್ಮಗು ಇಟ್ಟಿದ್ದಾ? ಮೂಲಂ ದಿನ ದುಂಡಗಿಡೋವು ಮಕ್ಕಳೇ. ಬೈಬೇಡ ಪಾಪ."

"ಇಲ್ಲ ಅಮ್ಮ, ಇನ್ನೂ ಕಲೀತಾ ಇದೆ," ಎಂದಳು ವಿಲಾಸಿನಿ ನಗು ತಡೆದುಕೊಂಡು. "ಮೊನ್ನೆ ತಾನೇ ಅರವತ್ತೊಂದು ತುಂಬ್ತು."

ಅಚ್ಯುತನ್ ಗೊನೆ ಹೊತ್ತು ಅಡುಗೆಮನೆಯ ಕೊಕ್ಕೆಗೆ ತೂಗುಹಾಕಿದ. ಅವಳು ಅದನ್ನೇ ನೋಡುತ್ತ ನಿಂತಳು. ಅಷ್ಟು ಹಿಗ್ಗಿದ್ದನ್ನು ಅವನು ಕಂಡಿರಲೇ ಇಲ್ಲ.

"ನಾಳೆಯಿಂದ ದುಂಡಗೇ ಇಡ್ಬೇಕು. ಐದಕ್ಕೇ ಏಳಿ, ಕೈವಾರ ತನ್ನಿ," ಎಂದಳು.

ಅಚ್ಯುತನ್ ಎದೆಯುಬ್ಬಿಸಿದ. "ಹಾಗಾದ್ರೆ ಮೂಲೆ ಗುಡಿಸೋರು ಯಾರು?"

"ಅದೂ ನೀವೇ. ಅದನ್ನ ಮಾತ್ರ ನೀವು ನಿಜವಾಗ್ಲೂ ಚೆನ್ನಾಗಿ ಮಾಡ್ತೀರಿ."