ಬ್ರೆಡ್ಡು ತಂದ ಮನೆಯಲ್ಲಿ ರೋಗಿ ಯಾರು?

ನಮ್ಮ ಮನೆಯಲ್ಲಿ ಸೂರ್ಯ ಹುಟ್ಟುವ ಮೊದಲು ಹನ್ನೊಂದು ಕೆಲಸಗಳು ಹುಟ್ಟುತ್ತವೆ. ಅರಸೀಕೆರೆ ಸ್ಟೇಷನ್ನಿಗೆ ನಾಲ್ಕೂವರೆಯ ಗಾಡಿ ಬಂದು ಕೂಗಿದ ಕೂಡಲೇ ನಾನು ಏಳಬೇಕು. ಬಾಗಿಲಿಗೆ ನೀರು ಹಾಕಬೇಕು, ರಂಗೋಲಿ ಬಿಡಬೇಕು. ಬಚ್ಚಲ ಹಂಡೆಯ ಒಲೆಗೆ ತೆಂಗಿನ ಮಟ್ಟೆ ತುರುಕಿ ಕಣ್ಣೀರು ಬರುವ ತನಕ ಊದಬೇಕು. ನಲ್ಲಿಯ ಕೆಳಗೆ ಡ್ರಮ್ಮು ಇಡಬೇಕು. ಅತ್ತೆ ಮಾವನವರ ಲಿಂಗಪೂಜೆಗೆ ಪತ್ರೆ, ಹೂವು, ವಿಭೂತಿ ಜೋಡಿಸಬೇಕು. ಹಾಲು ಹಾಕಿಸಿಕೊಂಡು ಕಾಯಿಸಬೇಕು. ಡಿಕಾಕ್ಷನ್ ಇಳಿಸಬೇಕು. ಯಜಮಾನರಿಗೆ ಖಾರದ ಚಟ್ನಿ ರುಬ್ಬಬೇಕು, ಬಿ.ಪಿ. ಇರುವ ಮಾವನವರಿಗೆ ಉಪ್ಪಿಲ್ಲದ ಚಟ್ನಿ ಬೇರೆ ರುಬ್ಬಬೇಕು. ಅಕ್ಕಿರೊಟ್ಟಿಗೆ ಹಿಟ್ಟು ಬೇಯಿಸಿ ನಾದಬೇಕು. (ಎಣಿಸಿ ನೋಡಿ ಹತ್ತೇ ಆಯಿತಲ್ಲ ಎನ್ನುವವರಿಗೆ: ಹನ್ನೊಂದನೆಯ ಕೆಲಸ ಇವಿಷ್ಟನ್ನೂ ಸದ್ದಿಲ್ಲದೆ ಮಾಡುವುದು. ಪಾತ್ರೆ ಸದ್ದಾದರೆ ಯಜಮಾನರ ನಿದ್ದೆ ಕೆಡುತ್ತದೆ.)

ಕೆಲಸದ ಬಗ್ಗೆ ನನ್ನ ದೂರಿಲ್ಲ. ದೂರಿರುವುದು ಅಕ್ಕಿರೊಟ್ಟಿಯ ಮೇಲೆ. ಅದನ್ನು ಕಾವಲಿಯಿಂದ ಇಳಿದ ಕ್ಷಣದಲ್ಲೇ ತಿನ್ನಬೇಕು. ಐದು ನಿಮಿಷ ತಡೆದರೆ ಅದು ಚಪ್ಪಲಿಯ ಅಟ್ಟೆ. ಹಾಗಾಗಿ ತಿನ್ನುವವರು ಸಾಲಾಗಿ ಕೂತಿರಬೇಕು, ಮಾಡುವವಳು ನಿಂತಿರಬೇಕು. ಮಾವನವರಿಗೆ ಮೆತ್ತಗಿರಬೇಕು, ಯಜಮಾನರಿಗೆ ಗರಿಗರಿಯಾಗಿರಬೇಕು, ಅತ್ತೆಗೆ ಹಾಲಿನಲ್ಲಿ ಮುರಿದು ಹಾಕಲು ತೆಳ್ಳಗಿರಬೇಕು. ಎಲ್ಲರದ್ದೂ ಮುಗಿದ ಮೇಲೆ ಬೋಗುಣಿಯ ತಳ ಕೆರೆದ ಹಿಟ್ಟಿನಲ್ಲಿ ನಡುವೆ ತೂತು ಬಿದ್ದ ಒಂದು ಒಕ್ಕಣ್ಣ ರೊಟ್ಟಿಯಾಗುತ್ತದೆ. ಅದು ನನ್ನದು. ಅದನ್ನು ತಿನ್ನುವುದು ಹತ್ತು ಗಂಟೆಗೆ. ಮದುವೆಯಾಗಿ ಇಪ್ಪತ್ತೆರಡು ವರ್ಷವಾಯಿತು. ಈ ಮನೆಯಲ್ಲಿ ಬಿಸಿ ರೊಟ್ಟಿ ಹೇಗಿರುತ್ತದೆ ಎಂಬುದನ್ನು ನಾನು ಬೇರೆಯವರ ಮುಖ ನೋಡಿ ತಿಳಿದುಕೊಂಡಿದ್ದೇನೆ.

ಒಮ್ಮೆ ಧೈರ್ಯ ಮಾಡಿ ಅತ್ತೆ ಮಹದೇವಮ್ಮನವರಿಗೆ ಇದನ್ನು ಹೇಳಿದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ಎಲೆಅಡಿಕೆ ಮಡಿಸುತ್ತಾ, "ನಾನೂ ಮೂವತ್ತೊರ್ಷ ತಣ್ಣಗಿರೋದ್ನೇ ತಿಂದೆ ಕಣೇ. ನೀನು ಬಂದ್ಮೇಲೆ ಬಿಸೀದು ಕಂಡೆ. ನಿಂಗೂ ಸೊಸೆ ಬತ್ತಾಳೆ, ತಡಿ" ಅಂದರು. ನನಗಿರುವುದು ಒಬ್ಬಳೇ ಮಗಳು, ಹಾಸನದ ಹಾಸ್ಟೆಲಿನಲ್ಲಿ ಓದುತ್ತಿದ್ದಾಳೆ ಎಂಬುದು ಆ ಕ್ಷಣದಲ್ಲಿ ಇಬ್ಬರಿಗೂ ನೆನಪಾಯಿತು.

ಹೀಗಿರುವಾಗ ಹೋದ ಜನವರಿಯಲ್ಲಿ ಒಂದು ಭಾನುವಾರ ಬೇಲೂರು ಹಳೇಬೀಡು ನೋಡಲು ಹೊರಟೆವು. ನಾನು ಮೂರು ಗಂಟೆಗೆ ಎದ್ದು ಹೋಳಿಗೆ, ಪುಳಿಯೋಗರೆ, ಮೊಸರನ್ನ ಮಾಡಿ ಡಬ್ಬಿ ತುಂಬಿದೆ. ಬೇಲೂರಿನ ಶಿಲಾಬಾಲಿಕೆಯರನ್ನು ನೋಡಿದಾಗ ನನಗೆ ಬಂದ ಯೋಚನೆ ಒಂದೇ. ಒಬ್ಬಳ ಕೈಯಲ್ಲಿ ಕನ್ನಡಿ, ಒಬ್ಬಳ ಕೈಯಲ್ಲಿ ಗಿಣಿ, ಯಾರ ಕೈಯಲ್ಲೂ ಸೌಟಿಲ್ಲ. ಇವರ ಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದವಳು ಯಾರು, ಅವಳನ್ನು ಯಾಕೆ ಯಾರೂ ಕೆತ್ತಲಿಲ್ಲ? ಯಜಮಾನರನ್ನು ಕೇಳಿದೆ. ಅವರು ಹೋಳಿಗೆ ಡಬ್ಬಿ ಎಲ್ಲಿಟ್ಟಿದ್ದೀಯ ಎಂದು ಕೇಳಿದರು.

ಹಳೇಬೀಡಿನಲ್ಲಿ ಕೆರೆಯ ಕಡೆಗೆ ಮರದ ಕೆಳಗೆ ಜಮಖಾನ ಹಾಸಿ ಎಲ್ಲರಿಗೂ ಬಡಿಸುತ್ತಾ ಮಂಡಿಯೂರಿ ಸುತ್ತುತ್ತಿದ್ದೆ. ಪಕ್ಕದ ಮರದ ಕೆಳಗೆ ಒಂದು ವಿದೇಶೀ ಸಂಸಾರ ಕೂತಿತ್ತು. ಗಂಡ ತೊಡೆಯ ಮೇಲೆ ಬ್ರೆಡ್ಡಿಟ್ಟುಕೊಂಡು ಕೊಯ್ಯುತ್ತಿದ್ದ. ಮಕ್ಕಳಿಬ್ಬರು ಚಿಕ್ಕ ಚಾಕುವಿನಿಂದ ಬಗೆಬಗೆಯ ಚೀಸು ಕತ್ತರಿಸಿಕೊಳ್ಳುತ್ತಿದ್ದರು. ಆ ಹೆಂಗಸು ಮರಕ್ಕೆ ಬೆನ್ನು ಕೊಟ್ಟು, ಕಾಲು ನೀಡಿ ಕೂತು, ತಾನೂ ತಿನ್ನುತ್ತಿದ್ದಳು. ಒಬ್ಬರೂ ಇನ್ನೊಂದು ಹಾಕು ಎನ್ನಲಿಲ್ಲ. ಒಬ್ಬರೂ ನೀರು ಎನ್ನಲಿಲ್ಲ. ನಾನು ಮೊಸರನ್ನದ ಸೌಟು ಹಿಡಿದು ನೋಡುತ್ತಲೇ ನಿಂತೆ. ನನ್ನ ದೃಷ್ಟಿ ಚೀಸಿನ ಮೇಲೆ ಬಿದ್ದಿದೆ ಎಂದುಕೊಂಡಳೋ ಏನೋ, ನಗುತ್ತಾ ಮೂರು ಚೂರು ಕೊಟ್ಟಳು. ಹಳದಿಯದು ಹುರಿಗಡಲೆಯಂತಿತ್ತು, ಬಿಳಿಯದು ಹುಳಿ ಬೆಣ್ಣೆಯಂತೆ. ಇನ್ನೊಂದಕ್ಕೆ ನೀಲಿ ಬೂಷ್ಟು ಹಿಡಿದಿತ್ತು. ನಮ್ಮ ಮನೆಯಲ್ಲಾಗಿದ್ದರೆ ಅದನ್ನು ಕಲಗಚ್ಚಿಗೆ ಹಾಕಿ ನನಗೆ ನಾಲ್ಕು ಮಾತು ಅನ್ನುತ್ತಿದ್ದರು. ಅದೇ ಎಲ್ಲಕ್ಕಿಂತ ರುಚಿಯಾಗಿತ್ತು.

ಆ ಸಂಜೆ ಬಸ್ಸಿನಲ್ಲಿ ನನಗೆ ಜ್ಞಾನೋದಯವಾಯಿತು. ಬ್ರೆಡ್ಡನ್ನು ಅಂಗಡಿಯವನು ಮಾಡಿರುತ್ತಾನೆ. ಚೀಸನ್ನು ಯಾರೋ ಪುಣ್ಯಾತ್ಮರು ಆರು ತಿಂಗಳ ಹಿಂದೆಯೇ ಮಾಡಿಟ್ಟಿರುತ್ತಾರೆ. ಎರಡೂ ತಣ್ಣಗೇ ಇರುವುದರಿಂದ ಆರಿಹೋಗುವ ಭಯವಿಲ್ಲ. ಅಂದಮೇಲೆ ನಾಲ್ಕು ಜನರಿದ್ದರೆ ನಾಲ್ಕು ಜನವೂ ಒಟ್ಟಿಗೆ ಕೂತು ತಿನ್ನಬಹುದು. ಒಂದೇ ಒಂದು ಭಾನುವಾರ ನಾನು ಒಲೆ ಹಚ್ಚದೆ, ಅವರ ಪಕ್ಕ ಕೂತು, ಅವರು ತಿನ್ನುವ ಹೊತ್ತಿಗೇ ತಿನ್ನಬೇಕು. ನನ್ನ ಮಹತ್ವಾಕಾಂಕ್ಷೆ ಇಷ್ಟೇ.

ಯಜಮಾನರಿಗೆ ಕೊಬ್ಬರಿ ವ್ಯಾಪಾರ, ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗುತ್ತಾರೆ. ಚೀಟಿ ಬರೆದುಕೊಟ್ಟೆ. ಒಳ್ಳೆಯವರು, ಮರೆಯದೆ ಮೂರು ಥರ ತಂದರು. ಒಂದು ತಗಡಿನ ಡಬ್ಬಿಯದು. ಒಂದು ಕೆಂಪು ಮೇಣದೊಳಗೆ ಕೂತ ಗುಂಡು, ಥೇಟ್ ಕ್ರಿಕೆಟ್ ಚೆಂಡು. ಇನ್ನೊಂದು ಮೆತ್ತನೆಯ ಬಿಳಿ ಬಿಲ್ಲೆ. ಅದರ ಪೊಟ್ಟಣ ಬಿಚ್ಚಿದಾಗ ಮಳೆಗಾಲದಲ್ಲಿ ಒಣಗದ ಕಾಲುಚೀಲದ ನೆನಪಾಯಿತು. ಅತ್ತೆ ಕನ್ನಡಕ ಹಾಕಿಕೊಂಡು ಮೂರರ ಮೇಲೂ ಹಸಿರು ಚುಕ್ಕಿ ಇರುವುದನ್ನು ಖಾತ್ರಿ ಮಾಡಿಕೊಂಡರು. ಬಳಿಕ ಬಿಳಿಯದನ್ನು ಬೆರಳಿನಿಂದ ಒತ್ತಿ, ಯಾವ ಹಸು ಕರು ಹಾಕಿತು ಎಂದು ವಿಚಾರಿಸಿದರು. ಇದು ಗಿಣ್ಣಲ್ಲ ಎಂದು ಎಷ್ಟು ಹೇಳಿದರೂ, "ಗಿಣ್ಣೇ ಕಣೇ. ಬೆಲ್ಲ, ಏಲಕ್ಕಿ ಹಾಕೋದ್ ಮರ್ತವ್ರೆ" ಎಂದು ತೀರ್ಪು ಕೊಟ್ಟರು.

ಉಳಿದದ್ದು ಬ್ರೆಡ್ಡು. ನಾನು ಎಡವಿದ್ದು ಇಲ್ಲೇ. ಶನಿವಾರ ಸಂಜೆ ಬಸ್‌ಸ್ಟ್ಯಾಂಡಿನ ಬೇಕರಿಗೆ ಹೋಗಿ ನಾಲ್ಕು ಪೌಂಡ್ ಬ್ರೆಡ್ಡು ಕೇಳಿದೆ. ನಮ್ಮೂರಿನಲ್ಲಿ ಬ್ರೆಡ್ಡು ತಿಂಡಿಯಲ್ಲ, ಪಥ್ಯ. ಜ್ವರ ಬಂದವರಿಗೆ ಹಾಲಿನಲ್ಲಿ ಅದ್ದಿ ಕೊಡುವುದು, ಆಸ್ಪತ್ರೆಗೆ ನೋಡಲು ಹೋಗುವಾಗ ಕೈಯಲ್ಲಿ ಹಿಡಿದು ಹೋಗುವುದು. ಇದು ಗೊತ್ತಿದ್ದೂ ಆ ದಿನ ನನ್ನ ತಲೆಗೆ ಹೊಳೆಯಲಿಲ್ಲ. ಬೇಕರಿಯವರು ದನಿ ತಗ್ಗಿಸಿ ಯಾರಿಗಮ್ಮ ಎಂದು ಕೇಳಿದರು. ಎಲ್ಲವನ್ನೂ ವಿವರಿಸಲು ನಾಚಿಕೆಯಾಗಿ, "ನಾಳೆ ಗೊತ್ತಾಗುತ್ತೆ ಬಿಡಿ" ಅಂದುಬಿಟ್ಟೆ. ಪಕ್ಕದಲ್ಲಿ ರಸ್ಕು ಕೊಳ್ಳುತ್ತಿದ್ದ ನಮ್ಮ ಎದುರುಮನೆಯ ಲಲಿತಮ್ಮ ನನ್ನ ಕೈ ಹಿಡಿದು, "ಧೈರ್ಯವಾಗಿರಿ ಪುಷ್ಪಾ" ಎಂದರು. ಚೀಸು ತಿನ್ನಲು ಇಷ್ಟೇನು ಧೈರ್ಯ ಬೇಕು ಎಂದುಕೊಂಡು ಬಂದೆ.

ಭಾನುವಾರ ಬೆಳಿಗ್ಗೆ ಒಲೆ ಹಚ್ಚಲಿಲ್ಲ. ಕಾಫಿಯನ್ನು ಮಾತ್ರ ಹೋಟೆಲಿನಿಂದ ಫ್ಲಾಸ್ಕಿಗೆ ತುಂಬಿಸಿ ತಂದಿಟ್ಟೆ. ಏಳೂವರೆಗೆ ನಡುಮನೆಯಲ್ಲಿ ನಾಲ್ಕು ತಟ್ಟೆ ಹಾಕಿದೆ. ಹೌದು, ನಾಲ್ಕು. ಬ್ರೆಡ್ಡು ಕೊಯ್ದು, ಮೂರು ಚೀಸನ್ನೂ ಹಲಗೆಯ ಮೇಲೆ ಜೋಡಿಸಿದೆ. ಮಾವ ಗಂಗಾಧರಪ್ಪನವರು ಅನುಮಾನದಿಂದ ಕೂತರು. ಅತ್ತೆ ಮುಂಜಾಗ್ರತೆಗೆ ಚಟ್ನಿಪುಡಿ ಡಬ್ಬಿ ತಂದುಕೊಂಡರು. ನಾನು ಯಜಮಾನರ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತೆ. ಕೂತ ಮೇಲೆ ನಮ್ಮ ನಡುಮನೆ ಬೇರೆಯದೇ ರೀತಿ ಕಾಣುತ್ತದೆ. ಮಾವನವರ ಕಿವಿಯಲ್ಲಿ ಕೂದಲಿರುವುದು ಅವತ್ತೇ ಗೊತ್ತಾದದ್ದು. ಒಂದು ಚೂರು ಬ್ರೆಡ್ಡಿನ ಮೇಲೆ ಚೀಸಿಟ್ಟು ಬಾಯಿಯ ಹತ್ತಿರ ತಂದೆ.

"ಭಾವಾ, ಏನಾತು ಭಾವಾ" ಎಂದು ಗೇಟಿನಿಂದಲೇ ಕೂಗುತ್ತಾ ಅತ್ತೆಯ ತಮ್ಮ ಸಿದ್ದಬಸಪ್ಪನವರು ಹೆಂಡತಿಯೊಂದಿಗೆ ಬಂದರು. ಹಾರನಹಳ್ಳಿಯಿಂದ ಮೊದಲ ಬಸ್ಸು ಹಿಡಿದಿದ್ದರು. ಕೈಯಲ್ಲಿ ಎರಡು ಪೌಂಡ್ ಬ್ರೆಡ್ಡು. ಲಲಿತಮ್ಮ ರಾತ್ರಿಯೇ ಅವರಿಗೆ ಫೋನು ಮಾಡಿದ್ದರಂತೆ: ಗಂಗಾಧರಪ್ಪನವರ ಮನೆಯಲ್ಲಿ ಯಾರಿಗೋ ಜೋರಾಗಿದೆ, ನಾಲ್ಕು ಬ್ರೆಡ್ಡು ತಂದಿದ್ದಾರೆ, ನಾಳೆ ಗೊತ್ತಾಗುತ್ತೆ ಅಂತ ಸೊಸೆಯೇ ಹೇಳಿದಳು.

ಕೈಯಲ್ಲಿದ್ದುದನ್ನು ತಟ್ಟೆಯಲ್ಲಿಟ್ಟು ಎದ್ದೆ. ಹಸಿದು ಬಂದ ನೆಂಟರಿಗೆ ಬ್ರೆಡ್ಡು ಕೊಡುವುದುಂಟೇ? ರೋಗಿಯನ್ನು ನೋಡಲು ಬಂದವರಿಗೆ ರೋಗಿಯ ಊಟ ಬಡಿಸಿದಂತಾಗುತ್ತದೆ. ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಾಗ ಲಲಿತಮ್ಮ ಬಂದರು, ಒಂದು ಬ್ರೆಡ್ಡು. ಯಜಮಾನರ ಅಂಗಡಿಯವರು ಮೂವರು ಬಂದರು, ಮೂರು ಬ್ರೆಡ್ಡು. ಹತ್ತು ಗಂಟೆಗೆ ಮಠದ ಶಿವಯ್ಯನವರು ರೋಗಿಯ ಹಣೆಗೆಂದು ವಿಭೂತಿ ಹಿಡಿದು ಬಂದರು. ಅಯ್ಯನವರು ಬಂದಮೇಲೆ ಪ್ರಸಾದವಾಗದೆ ಕಳುಹಿಸುವಂತಿಲ್ಲ. ಪಾಯಸ, ಎರಡು ಪಲ್ಯ, ಕೋಸಂಬರಿ, ಅನ್ನ, ಸಾರು. ಸಿದ್ದಬಸಪ್ಪನವರಿಗೆ ಊಟದ ಜೊತೆ ಅಕ್ಕಿರೊಟ್ಟಿ ಇಲ್ಲದಿದ್ದರೆ ಊಟ ಮಾಡಿದಂತಾಗುವುದಿಲ್ಲ. ಒಲೆ ಹಚ್ಚದ ಭಾನುವಾರ ನಮ್ಮ ಎರಡು ಬರ್ನರೂ ಸಾಲದೆ ಹಿತ್ತಿಲಿನ ಕಲ್ಲೊಲೆಯನ್ನೂ ಹಚ್ಚಿದೆ.

ನಡುಮನೆಯಲ್ಲಿ ಇನ್ನೊಂದು ಸಮಸ್ಯೆ ಎದ್ದಿತ್ತು. ಬಂದವರಿಗೆ ರೋಗಿ ಬೇಕಿತ್ತು. ಯಾರಿಗೂ ಏನೂ ಆಗಿಲ್ಲ ಎಂದು ಯಜಮಾನರು ಹೇಳಿದಷ್ಟೂ ಅವರ ಮುಖ ಗಂಭೀರವಾಯಿತು. ಕೊನೆಗೆ ವಯಸ್ಸಿನ ಆಧಾರದ ಮೇಲೆ ಮಾವನವರನ್ನು ಆರಿಸಿದರು. ಮೊದಮೊದಲು ಮಾವ ಪ್ರತಿಭಟಿಸಿದರು. ಇಬ್ಬರು ಕಾಲೊತ್ತಲು ಕೂತ ಮೇಲೆ, ರಾತ್ರಿಯಿಂದ ಎದೆಯಲ್ಲಿ ಒಂಥರಾ ಆಗುತ್ತಿತ್ತು ಎಂದು ಒಪ್ಪಿಕೊಂಡರು. ಶಿವಯ್ಯನವರ ಕಣ್ಣು ಸ್ವಲ್ಪ ಹೊತ್ತು ಅತ್ತೆಯ ಮೇಲೂ ಹೋಯಿತು, ಯಜಮಾನರ ಮೇಲೂ ಹೋಯಿತು. ಲಲಿತಮ್ಮ ಮೂರು ಸಲ ಅಡುಗೆಮನೆಗೆ ಬಂದು ನನ್ನನ್ನು ನೋಡಿ ಹೋದರು, ಕಾಫಿಗಾಗಿ. ಹುಷಾರಿಲ್ಲದಿರುವುದು ನಿನಗೇನಮ್ಮ ಎಂದು ಒಬ್ಬರೂ ಕೇಳಲಿಲ್ಲ. ತಪ್ಪು ಅವರದಲ್ಲ. ರೋಗಿ ಮಲಗಿರಬೇಕು, ನಾನು ನಿಂತಿದ್ದೆ.

ಚೀಸಿನ ಹಲಗೆ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಯಿತು. ಡಬ್ಬಿಯದಕ್ಕೆ ಚಟ್ನಿಪುಡಿ ಹಚ್ಚಿ ಮುಗಿಸಿದರು. ಕೆಂಪು ಗುಂಡನ್ನು ಸಿದ್ದಬಸಪ್ಪನವರು ಮೇಣದ ಸಮೇತ ತಿಂದು, "ಮೇಲ್ಗಡೆ ಕೆಂಪ್ಗೈತಲ್ಲ, ಅದು ಚೆಂದಾಗೈತೆ. ಒಳಗಿಂದು ಸಪ್ಪೆ" ಎಂದು ಅಭಿಪ್ರಾಯಪಟ್ಟರು. ಯಾರೂ ತಿದ್ದಲಿಲ್ಲ. ಕಾಲುಚೀಲದ್ದನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ರೊಟ್ಟಿ ತಟ್ಟುತ್ತಾ ನಿಂತಾಗ ನಡುಮನೆಯಿಂದ ಬಿಸಿ ಬಿಸಿ ಇನ್ನೊಂದು ಎಂಬ ಕೂಗು ಬರುತ್ತಿತ್ತು. ಆಗ ನನಗೆ ನನ್ನ ಅವ್ವ ಕಾಂತಮ್ಮ ನೆನಪಾದಳು. ಹೈಸ್ಕೂಲಿನಲ್ಲಿದ್ದಾಗ ತಮ್ಮನೊಂದಿಗೆ ಪಂದ್ಯ ಕಟ್ಟಿ ಒಂದೇ ಸಲಕ್ಕೆ ಹನ್ನೊಂದು ರೊಟ್ಟಿ ತಿಂದಿದ್ದೆ. ಆ ಕಥೆಯನ್ನು ಎಷ್ಟು ಮದುವೆಮನೆಗಳಲ್ಲಿ ಹೇಳಿ ನಗಿಸಿದ್ದೇನೋ ಲೆಕ್ಕವಿಲ್ಲ. ಹೊಗೆಯೊಳಗಿಂದ ಅವ್ವ ಒಂದೊಂದಾಗಿ ಎಸೆಯುತ್ತಿದ್ದಳು, ನಗುತ್ತಿದ್ದಳು. ಹನ್ನೊಂದರ ನಂತರ ಬೋಗುಣಿಯಲ್ಲಿ ಹಿಟ್ಟು ಉಳಿದಿತ್ತೇ? ಆ ದಿನ ಅವಳು ಏನು ತಿಂದಳು? ಕೇಳಬೇಕೆಂದು ನನಗೆ ಹೊಳೆದದ್ದು ಈ ಭಾನುವಾರ. ಅವ್ವ ಹೋಗಿ ಆರು ವರ್ಷವಾಯಿತು.

ನಾಲ್ಕು ಗಂಟೆಗೆ ಕೊನೆಯ ನೆಂಟರು ಹೊರಟರು. ನಡುಮನೆಯಲ್ಲಿ ನನ್ನ ತಟ್ಟೆ ಇನ್ನೂ ಅಲ್ಲೇ ಇತ್ತು. ಬ್ರೆಡ್ಡಿನ ಚೂರು ಒಣಗಿ ಬಾಗಿತ್ತು, ಅದರ ಮೇಲಿನ ಚೀಸನ್ನು ಯಾರೋ ತೆಗೆದು ತಿಂದಿದ್ದರು. ಪಾತ್ರೆ ತೊಳೆದು ಮುಗಿಸುವಷ್ಟರಲ್ಲಿ ಮಾವನವರು ಪೂರ್ತಿ ಗುಣವಾಗಿ, ರಾತ್ರಿಗೆ ಏನು ಎಂದು ವಿಚಾರಿಸಿದರು.

ಸೋಮವಾರ ಬೆಳಗಿನ ಜಾವ ನಾಲ್ಕೂವರೆಯ ಗಾಡಿ ಕೂಗಿತು. ಎದ್ದು ಅಡುಗೆಮನೆಯ ದೀಪ ಹಾಕಿದೆ. ಗೂಡಿನಲ್ಲಿ ಒಂಬತ್ತು ಬ್ರೆಡ್ಡುಗಳು ಸಾಲಾಗಿ ಕೂತು ನನ್ನನ್ನೇ ನೋಡಿದವು. ಪಥ್ಯ ಸಿದ್ಧವಿತ್ತು. ಮಾವ ಗುಣವಾಗಿದ್ದರಿಂದ ರೋಗಿಯ ಜಾಗ ಖಾಲಿ ಇತ್ತು. ಪೊರಕೆ ಹಿಡಿಯಲು ಹೋದ ಕೈ ಎರಡು ಚೂರು ಬ್ರೆಡ್ಡು ಕೊಯ್ದುಕೊಂಡಿತು. ಕಾಲುಚೀಲದ ಚೀಸಿನ ಬಿಲ್ಲೆಯನ್ನೂ ಎತ್ತಿಕೊಂಡು ಹೋಗಿ ಮಲಗಿದೆ.

ಯಜಮಾನರಿಗೆ ಎಚ್ಚರವಾಯಿತು. ಕೆಲಸದ ಸದ್ದಿಗಲ್ಲ, ಸದ್ದಿಲ್ಲದ್ದಕ್ಕೆ.

"ಯಾಕೇ?"

"ಹುಷಾರಿಲ್ಲ ಕಣ್ರೀ."

ಹಣೆ ಮುಟ್ಟಿ ನೋಡಿದರು. ತಣ್ಣಗಿತ್ತು. ಆದರೂ ಒಳ್ಳೆಯವರು, ವಾದಿಸಲಿಲ್ಲ. "ಸರಿ, ಮಲಕ್ಕೋ" ಎಂದು ಆ ಕಡೆ ತಿರುಗಿದರು. ಎರಡು ನಿಮಿಷ ಬಿಟ್ಟು, "ಹಾಲು ಹಾಕಿಸ್ಕೊಂಡು, ಎಲ್ರಿಗೂ ಕಾಫಿ ಮಾಡಿಟ್ಟು, ಆಮೇಲೆ ಹಾಯಾಗಿ ಮಲಕ್ಕೋ" ಅಂದರು. ಮತ್ತೆ ಗೊರಕೆ ಹೊಡೆದರು.

ಹಾಲಿನವನು ಬಾಗಿಲಲ್ಲಿ ಕೂಗಿದ. ನನ್ನ ಕಾಲುಗಳು ನನ್ನನ್ನು ಕೇಳದೆಯೇ ಮಂಚದಿಂದ ಇಳಿಯಲು ಹೊರಟವು; ಹಿಡಿದು ಒಳಗೆಳೆದುಕೊಂಡೆ. ಅತ್ತೆಯ ಕೋಣೆಯಿಂದ ಪುಷ್ಪಾ ಎಂಬ ದನಿ ಬಂತು. ನಾನು ಆಸೆಪಟ್ಟದ್ದು ಎಲ್ಲರ ನಡುವೆ ಕೂತು ತಿನ್ನುವುದನ್ನು. ಸಿಕ್ಕಿದ್ದು ಕಂಬಳಿಯೊಳಗೆ ಕಳ್ಳಿಯ ಹಾಗೆ, ಕತ್ತಲಲ್ಲಿ, ಒಬ್ಬಳೇ ಮಲಗಿಕೊಂಡು ತಿನ್ನುವುದು, ಅದೂ ತಣ್ಣಗಿರುವುದನ್ನೇ. ಹಾಲಿನವನು ಎರಡನೆಯ ಸಲ ಕೂಗಿ ಪಾತ್ರೆ ಬಡಿದ.

ಬ್ರೆಡ್ಡಿನ ಮೇಲೆ ಚೀಸನ್ನು ಬೆರಳಿನಿಂದಲೇ ಹಚ್ಚಿ ಬಾಯಿಗಿಟ್ಟುಕೊಂಡೆ. ಅತ್ತೆ ಹೇಳಿದ್ದು ನಿಜ, ಬೆಲ್ಲ ಏಲಕ್ಕಿ ಬೇಕಿತ್ತು. ಹಾಲಿನವನು ಮೂರನೆಯ ಸಲ ಕೂಗಿದ. ನಾನು ನಿಧಾನವಾಗಿ ಅಗಿಯುತ್ತಾ ಇದ್ದೆ.