ಗಂಟಲಿನ ವಿಷ ಅನುಮತಿಯಿಲ್ಲದೆ ಚರ್ಮದ ಮೇಲೆ ಕಾಣಿಸಿಕೊಳ್ಳುವ ಬಗ್ಗೆ

ಸಂಖ್ಯೆ: ಗಂ.ಚ./ದದ್ದು/17/2024-25
ಮಂಡ್ಯ, ದಿನಾಂಕ: 09-12-2024

ಸುತ್ತೋಲೆ

ವಿಷಯ: ಗಂಟಲಿನಲ್ಲಿ ವಾಸವಿದ್ದುಕೊಂಡು ಚರ್ಮದ ಮೇಲೆ ದದ್ದು ಎಬ್ಬಿಸುವ ಬ್ಯಾಕ್ಟೀರಿಯಾಗಳ ಅಶಿಸ್ತಿನ ಕುರಿತು.

ಉಲ್ಲೇಖ: 1) ಯಲಿಯೂರಿನ ಯಶೋದಮ್ಮನವರ ಮೌಖಿಕ ದೂರು (ಏರಿದ ದನಿಯಲ್ಲಿ).
2) ನರ್ಸ್ ಶೋಭಾರಾಣಿಯವರ ವಿವರಣೆ (ಅದಕ್ಕಿಂತ ಏರಿದ ದನಿಯಲ್ಲಿ).

ಯಶೋದಮ್ಮನವರು ಏಳು ವರ್ಷದ ಮೊಮ್ಮಗಳು ಚಂದನಳನ್ನು ಕಳೆದ ಸೋಮವಾರ ಇಲಾಖೆಯ ಚಿಕಿತ್ಸಾ ಕೇಂದ್ರಕ್ಕೆ ಕರೆತಂದಿರುತ್ತಾರೆ. ಮಗುವಿಗೆ ಜ್ವರ, ಗಂಟಲು ನೋವು, ಮೈತುಂಬ ಉಪ್ಪುಕಾಗದದಂತೆ ತರಿತರಿಯಾದ ಕೆಂಪು ದದ್ದು. ಅದಕ್ಕೂ ಮೊದಲು ಎರಡು ದಿನ 'ಅಮ್ಮ ಆಗ್ಯದೆ' ಎಂದು ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ ಮಗುವನ್ನು ಮಲಗಿಸಲಾಗಿತ್ತು. ಆ ಎರಡು ದಿನ ಮನೆಯವರು ಕಳೆದದ್ದು. ಮುಂದಿನ ಮೂರು ದಿನ ಇಲಾಖೆಯು ಕ್ರಮಬದ್ಧವಾಗಿ ಕಳೆದದ್ದು.

ದದ್ದು ಇದೆಯೆಂದು ಗಂಟಲು ವಿಭಾಗವೂ, ಗಂಟಲು ನೋವಿದೆಯೆಂದು ಚರ್ಮ ವಿಭಾಗವೂ ಟಿಪ್ಪಣಿ ಬರೆದು ಕಡತವನ್ನು ಐದು ಬಾರಿ ಪರಸ್ಪರ ಹಿಂದಿರುಗಿಸಿರುತ್ತವೆ. ಅಷ್ಟೂ ಹೊತ್ತು ಮಗು ಕಚೇರಿ ಮುಂದಿನ ಬೆಂಚಿನ ಮೇಲಿತ್ತು. ಯಶೋದಮ್ಮನವರ ಹೇಳಿಕೆಯನ್ನು ಇದ್ದಂತೆಯೇ ದಾಖಲಿಸಲಾಗಿದೆ: "ಮೊಗ ಎಂಜ್ಲೂ ನುಂಗ್ತಿಲ್ಲ, ಮೈ ಸುಡ್ತಾದೆ. ಕಾಗ್ದ ನಾಳೀಕೆ ಮಡೀಕಳಿ, ಮೊದ್ಲು ಮೊಗ ನೋಡಿ ಸ್ವಾಮಿ."

ಬುಧವಾರ ಶೋಭಾರಾಣಿಯವರು ಕಡತವಿಲ್ಲದೆ ಮಗುವಿನ ಬಾಯಿ ತೆಗೆಸಿ ನೋಡಿ, ನೇರವಾಗಿ ಡಾ. ಸಿದ್ದೇಶ್ ಅವರ ಕೊಠಡಿಗೆ ಎತ್ತಿಕೊಂಡು ಹೋಗಿರುತ್ತಾರೆ. ಕಾರಣ ಕೇಳಲಾಗಿ, "ಬ್ಯಾಕ್ಟೀರಿಯಾ ಕುಂತಿರೋದು ಗಂಟ್ಲಲ್ಲಿ ಸಾರ್. ಅದು ಬುಡೋ ವಿಸ ರಕ್ತದಲ್ಲಿ ಹರ್ದು ಚರ್ಮಕ್ಕೆ ಬತ್ತದೆ. ಎರಡೂ ಒಂದೇ ಕಾಯ್ಲೆ. ಇಂಗೇ ಬುಟ್ರೆ ನಾಳೆ ಹೃದಯಕ್ಕೂ ತೊಂದ್ರೆ, ಆಗ ಯಾವ್ ಸೆಕ್ಸನ್ನಿಗೆ ಬರೀತೀರ?" ಎಂದಿರುತ್ತಾರೆ. ಸದರಿ ಪ್ರಶ್ನೆ ಪರಿಶೀಲನೆಯಲ್ಲಿದೆ.

ಆದ್ದರಿಂದ ಸಂಬಂಧಪಟ್ಟ ಎಲ್ಲರಿಗೂ, ಬ್ಯಾಕ್ಟೀರಿಯಾಗಳೂ ಸೇರಿದಂತೆ, ಈ ಮೂಲಕ ಸೂಚಿಸಲಾಗಿದೆ:

1. ಬ್ಯಾಕ್ಟೀರಿಯಾ ಯಾವ ಅಂಗದ ನಿವಾಸಿಯೋ ಅದರ ವಿಷವೂ ಅದೇ ಅಂಗದಲ್ಲಿ ಇರತಕ್ಕದ್ದು. ರಕ್ತದ ಮೂಲಕ ಬೇರೆಡೆಗೆ ಹೊರಡುವ ವಿಷವು ಮೂರು ದಿನ ಮುಂಚಿತವಾಗಿ ಪ್ರವಾಸದ ವಿವರ ಸಲ್ಲಿಸುವುದು.

2. ಬೆರಳಿನಿಂದ ಒತ್ತಿದಾಗ ಬೆಳ್ಳಗಾಗಿ, ಬಿಟ್ಟೊಡನೆ ಕೆಂಪಾಗುವುದು ಕಚೇರಿಯ ದಾರಿ ತಪ್ಪಿಸುವ ವರ್ತನೆ. ತಪಾಸಣೆ ಮುಗಿಯುವವರೆಗೆ ದದ್ದು ಒಂದೇ ಬಣ್ಣದಲ್ಲಿರತಕ್ಕದ್ದು.

3. 'ಅಮ್ಮ ಆಗ್ಯದೆ' ಎನ್ನುವವರು ಅಮ್ಮನವರಿಂದಲೇ ದೃಢೀಕರಣ ತರುವುದು. ಬೇವಿನ ಸೊಪ್ಪನ್ನು ಹೊರರೋಗಿ ಚೀಟಿಯೆಂದು ಪರಿಗಣಿಸಲಾಗದು.

4. ವೈದ್ಯರು ಕೊಟ್ಟ ಹತ್ತು ದಿನದ ಔಷಧಿಯಲ್ಲಿ ಎರಡನೇ ದಿನಕ್ಕೇ ಜ್ವರ ಇಳಿದು ಚಂದನ ಅನ್ನ ಉಂಡಿರುವುದು ಸಂತೋಷ. ಆದರೆ ವಿಚಾರಣೆಗೆ ಮುನ್ನವೇ ದದ್ದು ಮಾಸಿರುವುದು ಸಾಕ್ಷ್ಯನಾಶ. ಬೆರಳ ತುದಿಯಲ್ಲಿ ಈಗ ಸುಲಿಯುತ್ತಿರುವ ಸಿಪ್ಪೆಯನ್ನು ಎರಡು ಪ್ರತಿಗಳಲ್ಲಿ ಲಗತ್ತಿಸುವುದು. ಜ್ವರ ಇಳಿಯಿತೆಂದು ಔಷಧಿ ನಿಲ್ಲಿಸತಕ್ಕದ್ದಲ್ಲ. (ಈ ಸುತ್ತೋಲೆಯಲ್ಲಿ ಅರ್ಥವಿರುವ ಸೂಚನೆ ಇದೊಂದೇ ಎಂದು ಕರಡಿನ ಅಂಚಿನಲ್ಲಿ ಶೋಭಾರಾಣಿಯವರ ಷರಾ ಇದೆ.)

5. ಶಾಲೆ ಬಿಟ್ಟ ಮೇಲೆ ತಂದೆಗಾಗಿ ಕಾಯುವ, ಈ ಸುತ್ತೋಲೆಯ ಸಹಿದಾರರ ಮಗಳು ಅಮೃತ, ಸದರಿ ಬೆಂಚಿನಲ್ಲಿ ಚಂದನಳ ಜೊತೆ ಒಂದೇ ಬಾಟಲಿಯ ನೀರು ಕುಡಿದಿರುವುದು ಗಮನಕ್ಕೆ ಬಂದಿದೆ. ಬೆಂಚಿನ ಮೇಲೆ ಸ್ನೇಹ ಬೆಳೆಸುವುದನ್ನು ನಿಷೇಧಿಸಲಾಗಿದೆ.

6. ಕಡತವಿಲ್ಲದೆ ಗಂಟಲು ನೋಡಿದ್ದಕ್ಕೆ ಶೋಭಾರಾಣಿಯವರು ಏಳು ದಿನದೊಳಗೆ ಲಿಖಿತ ಸಮಜಾಯಿಷಿ ನೀಡುವುದು.

ಸಹಿ/-
(ಕನಕರಾಜು)
ಅಧೀಕ್ಷಕರು, ಗಂಟಲು–ಚರ್ಮ ಗಡಿ ವಿವಾದ ಶಾಖೆ

ಪ್ರತಿಗಳು:

1. ಗಂಟಲು ವಿಭಾಗ: ಚರ್ಮ ವಿಭಾಗಕ್ಕೆ ಕಳುಹಿಸಲು.

2. ಚರ್ಮ ವಿಭಾಗ: ಹಿಂದಿರುಗಿಸಲು.

3. ಯಶೋದಮ್ಮ, ಯಲಿಯೂರು: ಓದಲು ಒಪ್ಪದ ಕಾರಣ ಬಾಗಿಲಿಗೆ, ಬೇವಿನ ಸೊಪ್ಪಿನ ಪಕ್ಕ ಅಂಟಿಸಲಾಗಿದೆ.

4. ನರ್ಸ್ ಶೋಭಾರಾಣಿ: ಕಂಡಿಕೆ 6 ಹಿಂಪಡೆಯಲಾಗಿದೆ. ಅಮೃತಳಿಗೆ ಬೆಳಿಗ್ಗೆಯಿಂದ ಜ್ವರ, ಕುತ್ತಿಗೆಯಲ್ಲಿ ತರಿತರಿ. ಸಹಿದಾರರು ಮಗಳನ್ನು ಎತ್ತಿಕೊಂಡು ಈ ಪ್ರತಿಯೊಡನೆ ಖುದ್ದು ಬರುತ್ತಿದ್ದಾರೆ. ಕಾಗ್ದ ನಾಳೀಕೆ ಮಡೀಕಳಿ, ಮೊದ್ಲು ಮೊಗ ನೋಡಿ ತಾಯಿ.