ಹೊಸ್ತಿಲು ಬಿಡದ ಜವಾನ

ಪಾತ್ರೆಗಳಿಗೆ ಕಲಾಯಿ ಹಾಕುವ ಜಿಲಾನಿ ಬಿಟ್ಟುಹೋದ ಮನೆಯನ್ನು ಬಾಡಿಗೆಗೆ ಹಿಡಿದದ್ದೇ ಶೇಖರಮ್ಮನ ತಪ್ಪಾಯಿತು. ಕೊಪ್ಪಳದ ಆ ಮನೆಯಲ್ಲಿ ಅವಳು ಖಾನಾವಳಿ ಇಟ್ಟು ಇನ್ನೂ ಮೂರು ತಿಂಗಳಾಗಿರಲಿಲ್ಲ. ಒಂದು ಬೆಳಿಗ್ಗೆ ತೆರಿಗೆ ಕಚೇರಿಯ ಜವಾನ ದೊಡ್ಡಬಸಪ್ಪ ಬಂದು ಹೊಸ್ತಿಲ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ.

“ಜಿಲಾನಿ ಎರಡು ವರ್ಷದ ಕಸುಬಿನ ತೆರಿಗಿ ಕಟ್ಟಿಲ್ರಿ.”

“ಅಂವ ಇಲ್ಲಿಲ್ಲಪಾ. ಊರ ಬಿಟ್ಟು ಹೋಗ್ಯಾನ.”

“ದಫ್ತರದಾಗ ಅವನ ಹೆಸರಿಗೆ ಇದ ಮನಿ ಐತ್ರಿ. ಸಂಜಿತನಕ ಅಂವ ಎಲ್ಲಿ ಅದಾನ ಅಂತ ತಿಳೀಲಿಲ್ಲಂದ್ರ, ಇಲ್ಲಿರೋ ಹಂಡೆ-ಪಾತ್ರಿ ಜಪ್ತಿ ಮಾಡಂತ ಹುಕುಂ ಆಗೇತಿ.”

ಊಟಕ್ಕೆ ಬಂದವರು ಅವನ ಹೆಗಲ ಮೇಲಿನ ಕೆಂಪು ಡವಾಲಿ ಪಟ್ಟಿ ನೋಡಿ, ಹಾವು ಕಂಡವರಂತೆ ಹಿಂದಕ್ಕೆ ತಿರುಗಿದರು. ಜವಾನ ಮಾತ್ರ ನಾಲ್ಕು ರೊಟ್ಟಿ ತಿಂದು, ಇನ್ನಷ್ಟು ಪಲ್ಯ ಕೇಳಿದ.

ಪಕ್ಕದ ಮನೆಯ ಪಾರ್ವತೆಮ್ಮ ಕರೆಯದೆಯೇ ಬಂದಳು. “ಅಂವ ಗಂಗಾವತಿಯಾಗ ಅದಾನವಾ. ನೀನ ಹೋಗಿ ಮನಿ ಗುರುತು ಹಿಡ್ಕೊಂಡು ಬಾ. ಇಲ್ಲಾಂದ್ರ ಇಂವ ಏಳಾಂವಲ್ಲ.”

ಗಂಗಾವತಿ ಎಂದ ಕೂಡಲೇ ಶೇಖರಮ್ಮನ ಕೈ ಹಿಟ್ಟಿನಲ್ಲೇ ನಿಂತಿತು. ಆ ಊರಿನಲ್ಲಿ ಖಾನಾವಳಿಯ ತೆರಿಗೆ ಕಟ್ಟಲಾಗದೆ, ಯಾರಿಗೂ ಹೇಳದೆ ಗಂಟು ಕಟ್ಟಿಕೊಂಡು ಬಂದವಳು ಅವಳು. ಆದರೆ ಹಂಡೆ-ಪಾತ್ರೆ ಹೋದರೆ ಹೊಟ್ಟೆಪಾಡೇ ಹೋದಂತೆ. ಸೆರಗನ್ನು ಮೂಗಿನ ತನಕ ಎಳೆದುಕೊಂಡು ಮೋಟಾರು ಹತ್ತಿದಳು.

ಗಂಗಾವತಿಯಲ್ಲಿ ಕಲಾಯಿ ಜಿಲಾನಿಯನ್ನು ಅರಿಯದವರಿರಲಿಲ್ಲ. ಒಬ್ಬ ಮಸೀದಿಯ ಕಡೆ ಕೈತೋರಿಸಿದ, ಮಸೀದಿಯ ಬಳಿ ಇನ್ನೊಬ್ಬ ಬಾವಿಯ ಕಡೆ ಕಳಿಸಿದ. ಬಾವಿ ಕಂಡು ಅವಳು ಹೆಜ್ಜೆ ನಿಧಾನ ಮಾಡಿದಳು. ಅದು ತಾನೇ ನೀರು ಸೇದುತ್ತಿದ್ದ ಬಾವಿ. ಮುಂದಿನದು ತನ್ನದೇ ಓಣಿ. ಜಿಲಾನಿ ಇದ್ದದ್ದು ತಾನು ಬಿಟ್ಟುಬಂದ ಮನೆಯಲ್ಲಿ.

ಅಲ್ಲಿಯೂ ಹೊಸ್ತಿಲ ಮೇಲೆ ಒಬ್ಬ ಜವಾನ ಕೂತಿದ್ದ. ಅವಳು ಮೆಲ್ಲಗೆ ಹಿಂದಕ್ಕೆ ಹೊರಳಿದಳು. ಅಷ್ಟರಲ್ಲಿ ಎದುರು ಮನೆಯ ಗುರುಲಿಂಗಮ್ಮ ಓಣಿಗೆಲ್ಲ ಕೇಳುವಂತೆ, “ಶೇಖರಮ್ಮ ಅಲ್ಲೇನವಾ? ಮುಖಾ ಯಾಕ ಮುಚ್ಚಿಗೊಂಡಿ?” ಎಂದಳು.

ಜವಾನ ಎದ್ದು ನಿಂತ. “ನೀವ ಏನ್ರಿ ಶೇಖರಮ್ಮ? ನಿಮ್ಮ ಸಲುವಾಗಿ ನಾಕ ದಿನದಿಂದ ಇಲ್ಲೇ ಕುಂತೀನ್ರಿ.”

“ಮದಲ ಜಿಲಾನಿನ್ನ ಕರೀರಿ,” ಎಂದಳು ಶೇಖರಮ್ಮ.

ಜಿಲಾನಿಯ ಹೆಂಡತಿ ಲಾಲಬೀ ಬಾಗಿಲಿಗೆ ಬಂದಳು. “ಅವರು ಇಲ್ರಿ ಅಕ್ಕಾ. ಈ ಜವಾನನ ಕಾಟ ತಾಳಲಾರದ, ನೀವು ಕೊಪ್ಪಳದಾಗ ನಮ್ಮ ಹಳೀ ಮನ್ಯಾಗ ಅದೀರಂತ ಕೇಳಿ, ನಿಮ್ಮನ್ನ ಹುಡುಕಾಕಂತ ಇವತ್ತ ಅಲ್ಲಿಗೆ ಹೋಗ್ಯಾರ.”

ಕೊಪ್ಪಳದ ಬಾಗಿಲಲ್ಲಿ ಕೆಂಪು ಡವಾಲಿ ಕಂಡ ಮೇಲೆ ಜಿಲಾನಿ ಅಲ್ಲಿ ನಿಲ್ಲುವನೇ? ಹೊತ್ತು ಆಗಲೇ ಇಳಿದಿತ್ತು; ಅಲ್ಲಿ ಹಂಡೆ-ಪಾತ್ರೆ ಜಪ್ತಿಯಾಗುವ ವೇಳೆ ಆಗಿತ್ತು. ಶೇಖರಮ್ಮ ಮುಖದ ಸೆರಗು ತೆಗೆದಳು. ಜವಾನ ತುಸು ಸರಿದು, ಹೊಸ್ತಿಲ ಮೇಲೆ ಅವಳಿಗೂ ಜಾಗ ಮಾಡಿಕೊಟ್ಟ.